ನೀಲವ್ವ ಬರೀದ ಬಿಟ್ಟ ಮಾರಿ

ಚಿತ್ರದ ಮನ್ಯಾಗ ಕೆಲಸಕ್ಕ ಸೇರೂ ಹುಡುಗೂರು ಮೊದಲನೇ ದಿನ ಇಸ್ತ್ರಿ ಅರಿವಿ ಹಾಕ್ಕೊಂಡು ಬರ್ತಾರ. ನಾನೂ ಹಂಗ ಬಂದಾಕಿನ, ಹೊಸಾ ಸೀರಿ ಉಟಗೊಂಡು. ಸಂಜಿ ಹೊತ್ತಿಗೆ ನಿರಿಗಿ ತುಂಬ ಗೆದ್ದಲಮಣ್ಣು. ಬಾಗಲಕೋಟಿಯ ನಮ್ಮ ಕಲಾ ವಸ್ತುಸಂಗ್ರಹಾಲಯದಾಗ ಚಿತ್ರ ರಿಪೇರಿ ಮಾಡೂದು ನನ್ನ ಕೆಲಸ ಆಗಿತ್ತು. ಹೊಲಸು ತೆಗಿಯೂದು, ಹರಿದದ್ದು ಕೂಡಿಸೂದು, ಬಣ್ಣ ಉದುರಿದಲ್ಲಿ ತುಂಬೂದು. ಇದನ್ನ ನಮ್ಮೂರು ಬೇವೂರಾಗ ತಿಳಿಸಿ ಹೇಳೂದರಾಗ ನನ್ನ ತಲಿ ಬೆಳ್ಳಗಾತು.

"ಪಟಾ ಬರೀತಿ ಏನವಾ ಕಸ್ತೂರಿ?" ಅಂತ ಕೇಳಾವ್ರು ನಮ್ಮ ಕಾಕಾ.

"ಇಲ್ಲ ಕಾಕಾ, ಮಂದಿ ಬರದದ್ದನ್ನ ಜ್ವಾಕಿ ಮಾಡ್ತೇನಿ."

"ಯಾಕ, ಅವೇನ್ ಓಡಿ ಹೋಗ್ತಾವೇನು?"

ಈಗ ರಿಟೈರ್ ಆಗಿ ಮನ್ಯಾಗ ಕುಂತೇನಿ. ನನ್ನ ಜಾಗಕ್ಕ ಬಂದ ಹುಡುಗಿ ಫೋನ್ ಮಾಡಿ, "ಅಕ್ಕಾರ, ಈ ಕೆಲಸ ಖರೇನ ಹೆಂಗಿರತೈತಿ ಒಂದಿಷ್ಟು ಬರದು ಕೊಡ್ರಿ" ಅಂದ್ಲು. ಬರದೇನಿ. ಬಡ್ತಿ, ವರ್ಗಾವಣಿ ಕತಿ ಮಾತ್ರ ಕೇಳಬ್ಯಾಡ್ರಿ. ಅದನ್ನ ಹೇಳಾಕ ಕುಂತ್ರ ನನಗ ಸಿಟ್ಟು ಬರತೈತಿ, ನಿಮಗ ನಿದ್ದಿ ಬರತೈತಿ.

ಮೊದಲು ಉಗುಳಿನ ವಿಚಾರ. ನಗಬ್ಯಾಡ್ರಿ. ಹಳೇ ಚಿತ್ರದ ಮ್ಯಾಲಿನ ಧೂಳ, ಹೊಗಿ ತೆಗಿಯಾಕ ಮನಷ್ಯಾನ ಉಗುಳಿನಷ್ಟು ಚಲೋ ವಸ್ತು ಇನ್ನೊಂದಿಲ್ಲ ಅಂತ ನನಗ ಕಲಿಸಿದವ್ರು ನನ್ನ ಮೊದಲನೇ ಸಾಹೇಬ್ರು. ಕಡ್ಡಿಗೆ ಹತ್ತಿ ಸುತ್ತೂದು, ಬಾಯಾಗಿಟ್ಟು ಹಸಿ ಮಾಡೂದು, ಚಿತ್ರದ ಮ್ಯಾಲ ಹಗೂರಕ ಉಳ್ಳಿಸೂದು, ಆ ಹತ್ತಿ ಒಗದು ಹೊಸಾದು ಸುತ್ತೂದು. ಒಂದಿನ ನಾ ಹಿಂಗ ಕುಂತಾಗ ಮ್ಯಾಲಿನ ಕಚೇರಿಯ ದೊಡ್ಡ ಅಧಿಕಾರಿ ಒಬ್ರು ಹೇಳದ ಕೇಳದ ಒಳಗ ಬಂದುಬಿಟ್ರು. ನನ್ನ ಬಾಯಾಗ ಕಡ್ಡಿ. ಮುಂದ ಒಬ್ಬ ಸಂಸ್ಥಾನಿಕರ ಚಿತ್ರ, ಅವರ ಮೀಸಿ ತೊಳಿಯಾಕ ಹತ್ತಿದ್ದೆ.

"ಏನ್ರೀ ಇದು, ಮಹಾರಾಜರ ಮಾರಿಗೆ ಉಗುಳು ಹಚ್ಚಾಕ ಹತ್ಯಾಳಲ್ರಿ ಈಕಿ!" ಅಂತ ಅವ್ರು ಚೀರಿದ್ರು.

ನಮ್ಮ ಸಾಹೇಬ್ರು ಭಾಳ ಶಾಂತ ಮನಷ್ಯಾ. "ಹೌದ್ರಿ ಸರ. ನಮ್ಮಲ್ಲಿ ಈಕಿ ಉಗುಳ ಚಲೋ ಐತಿ. ಎಲಿ ಅಡಿಕಿ ಹಾಕೂದಿಲ್ಲ" ಅಂದ್ರು.

ನೀವೂ ಹಾಕಬ್ಯಾಡ್ರಿ. ಈ ಕೆಲಸಕ್ಕ ಅದೊಂದ ಪಥ್ಯ.

ಇನ್ನೊಂದು ಹನಮಂತಪ್ಪನ ಕತಿ. ಏಣಿ ಹಿಡಿಯೂದು, ಮೊಳಿ ಬಡಿಯೂದು, ಚಿತ್ರ ಎತ್ತೂದು ಇಂವನ ಕೆಲಸ. ಮಹಾನವಮಿ ದಿನ ಎಲ್ಲಾ ಕಚೇರ್ಯಾಗ ಮಾಡುವಂಗ ನಮ್ಮಲ್ಲೂ ಆಯುಧಪೂಜಿ. ಸುತ್ತಿಗಿಗೆ ವಿಭೂತಿ, ಏಣಿಗೆ ಹೂವು. ಅಷ್ಟಕ್ಕ ಬಿಟ್ಟಿದ್ರ ಚಲೋ ಇತ್ತು. ನಾ ಪ್ರಸಾದ ಹಂಚಿ ಬರೂದರಾಗ ಕುಂಕುಮದ ಬಟ್ಲ ಹಿಡಕೊಂಡು ಗ್ಯಾಲರಿ ಸುತ್ತಿ, ಕೈಗೆ ಎಟಕುವಷ್ಟು ಚಿತ್ರದಾಗಿನ ಹೆಣ್ಣುಮಕ್ಕಳಿಗೆಲ್ಲಾ ಹಣಿಗೆ ಹಚ್ಚಿಬಿಟ್ಟಿದ್ದ! ಅದರಾಗೊಬ್ಬಾಕಿ ಟೊಪಗಿ ಹಾಕ್ಕೊಂಡ ಫ್ರಾನ್ಸಿನ ಹೆಂಗಸು, ಅಕಿನ್ನೂ ಬಿಟ್ಟಿದ್ದಿಲ್ಲ.

"ಏನ್ ಮಾಡಿಟ್ಟಿಯೋ ಹನಮಂತಪ್ಪಾ!" ಅಂತ ನಾ ತಲಿಮ್ಯಾಲ ಕೈ ಹೊತ್ತು ಕುಂತೆ.

"ಹಬ್ಬದ ದಿನ ಹೆಣ್ಣುಮಕ್ಕಳ ಹಣಿ ಬರೇ ಇರಬಾರದ್ರಿ ಅಕ್ಕಾರ" ಅಂದ. ಅವನ ಮಾರಿ ಮ್ಯಾಲ ಒಂಚೂರೂ ಕಪಟಿಲ್ಲ. ಬೈಯಾಕ ಬಾಯಿ ತಗದಾಕಿ ನಕ್ಕುಬಿಟ್ಟೆ. ದೀಪಾವಳಿತನ ನನಗ ಅದ ಕೆಲಸ.

ಈಗ ದೊಡ್ಡ ಕತಿಗೆ ಬರ್ತೇನಿ. ನಾ ರಿಟೈರ್ ಆಗೂ ವರ್ಷ ಮೈಸೂರಿಂದ ಹೊಸಾ ನಿರ್ದೇಶಕರು ಬಂದ್ರು, ಮಾಲತಿ ಮೇಡಂ. ಮಾತು ಮಲ್ಲಿಗಿ ಹೂವಿನಂಗ, ಹಟಾ ಮಾತ್ರ ಬದಾಮಿ ಗುಡ್ಡದ ಕಲ್ಲು. ಬಂದ ವಾರದಾಗ ಉಗ್ರಾಣಕ್ಕ ಇಳದ್ರು. ಅಲ್ಲಿ ದೊಡ್ಡ ಹೆಸರಿನ ಗಂಡಸರ ಚಿತ್ರ ಮುಂದಿನ ಕಪಾಟದಾಗ, ಬೆಳಕಿನ್ಯಾಗ. ಹೆಣ್ಣುಮಕ್ಕಳು ಬರದದ್ದು ಬಾಗಲದ ಹಿಂದ, ಗ್ವಾಡಿಗೆ ಮಾರಿ ಮಾಡಿ ನಿಲ್ಲಿಸಿದ್ದು. ಕೆಲವಕ್ಕ ಬರದಾಕಿ ಹೆಸರೂ ಇಲ್ಲ, "ಇಂಥವರ ಧರ್ಮಪತ್ನಿ" ಅಂತ ಇಷ್ಟ.

"ಕಸ್ತೂರಿ ಅವರೇ, ಇವರನ್ನೆಲ್ಲ ಯಾವತ್ತಾದರೂ ಹೊರಗೆ ಹಾಕಿದ್ದೀರಾ?" ಅಂತ ಕೇಳಿದ್ರು.

"ಹೊರಗ ಹಾಕೂದು ದೂರ, ತಿರುವಿ ನೋಡಿದವ್ರೂ ಯಾರೂ ಇದ್ದಿದ್ದಿಲ್ರಿ ಮೇಡಂ" ಅಂದೆ.

ಅವತ್ತ ಪ್ರದರ್ಶನದ ನಿರ್ಧಾರ ಆತು. ನಮ್ಮ ಸಂಗ್ರಹದಾಗಿನ ಚಿತ್ರ ಅಷ್ಟ, ಹೆಣ್ಣುಮಕ್ಕಳು ಬರದದ್ದಷ್ಟ, ಇಡೀ ಗ್ಯಾಲರಿ ಅವರದ. ನನಗ ಆದ ಸಂತೋಷ ಏನ್ ಹೇಳ್ಲಿ! ಒಂದೊಂದ ಚಿತ್ರ ತಿರುಗಿಸಿದಾಗೂ ಎದಿ ಧಸಕ್ ಅಂತಿತ್ತು. ಒಬ್ಬಾಕಿ ಅಡಗಿಮನಿ ಹೊಗೀನ್ನ ನೀಲಿ ಮಾಡಿ ಬರದಾಳ. ಇನ್ನೊಬ್ಬಾಕಿ ಬರೇ ಎಮ್ಮಿ ಬೆನ್ನು ಬರದಾಳ, ಕ್ಯಾನ್ವಾಸ್ ತುಂಬ ಎಮ್ಮಿ ಬೆನ್ನು, ಮ್ಯಾಲೊಂದು ಕಾಗಿ. "ಎಲ್ಲಿದ್ರ್ಯವಾ ಇಷ್ಟು ದಿನಾ?" ಅಂತ ಅವಕ್ಕ ಮಾತಾಡ್ಸಿಕೋತ ಧೂಳ ತೆಗದೆ. ಗ್ವಾಡಿಗೆ ಬದಾಮಿ ಕಲ್ಲಿನ ಕೆಂಪ ಬೇಕು ಅಂತ ಮೇಡಂ ಹಟಾ ಹಿಡದ್ರು. ಬಣ್ಣದವ ತಂದ ಕೆಂಪೆಲ್ಲಾ ಅವರಿಗೆ ಕುಂಕುಮ, ಇಟ್ಟಂಗಿ, ಟೊಮೇಟೊ. ಕಡೀಕ ಅವನ ಬದಾಮಿಗೆ ಹೋಗಿ, ಉದುರಿ ಬಿದ್ದ ಒಂದು ಕಲ್ಲ ಹರಳ ಕಿಸೆದಾಗ ಇಟಗೊಂಡು ಬಂದ.

ಬಾಗಲದ ಹಿಂದ, ಎಲ್ಲಾಕ್ಕಿಂತ ಕಡೀಕ ಇದ್ದದ್ದು ಒಂದು ದೊಡ್ಡ ಚಿತ್ರ. ಇಳಕಲ್ಲಿನ ಒಂದು ಓಣಿ, ಮುಂಜಾನಿ ಬಿಸಲು. ಓಣಿ ಉದ್ದಕ್ಕ ಸೀರಿ ನೇಯೂ ಎಳಿ ಚಾಚ್ಯಾರ, ಹೆಣ್ಣುಮಕ್ಕಳು ಅತ್ತಾಗ ಇತ್ತಾಗ ನಿಂತು ಎಳಿ ಬಿಡಿಸಾಕ ಹತ್ಯಾರ. ನಡುವ ರಾಟಿ ಮುಂದ ಹಿರೇ ಹೆಣ್ಣುಮಗಳು ಒಬ್ಬಾಕಿ ಕುಂತಾಳ. ಕೈ, ಬಳಿ, ಸೀರಿಯ ದಡಿ, ಎಲ್ಲಾ ಕಣ್ಣಿಗೆ ಕಟ್ಟಿದಂಗ. ಆದ್ರ ಮಾರಿ ಇಲ್ಲ. ಅಲ್ಲಿ ಬರೇ ಕ್ಯಾನ್ವಾಸಿನ ತಳಬಣ್ಣ. ಮೂಲ್ಯಾಗ ಸಣ್ಣಗ "ನೀಲವ್ವ, ಇಳಕಲ್" ಅಂತ.

ಮೇಡಂ ಅದರ ಮುಂದ ನಿಂತು ಬಿಟ್ರು. "ಎಂಥ ಧೈರ್ಯ! ಜಗತ್ತು ನೋಡದೇ ಬಿಟ್ಟ ಹೆಣ್ಣು ಅಂದರೆ ಇವಳೇ" ಅಂದ್ರು. ನೀಲವ್ವ ಎಲ್ಲಿ ಅದಾಳ, ಅದಾಳೋ ಇಲ್ಲೋ, ಯಾರಿಗೂ ಗೊತ್ತಿಲ್ಲ. ಚಿತ್ರಕ್ಕ "ಮುಖವಿಲ್ಲದವಳು" ಅಂತ ಹೆಸರಾತು. ಪೋಸ್ಟರ್ ಮ್ಯಾಲೂ ಅದ ಬಂತು. ಬಾಗಲಕೋಟಿ, ಹುನಗುಂದ, ಇಳಕಲ್ ಬಸ್‌ಸ್ಟ್ಯಾಂಡಿನ್ಯಾಗೆಲ್ಲಾ ಹನಮಂತಪ್ಪ ಹೋಗಿ ಅಂಟಿಸಿ ಬಂದ.

ಮರುದಿನ ಆಫೀಸಿಗೆ ಫೋನ್. ಎತ್ತಿದಾಕಿ ನಾನು.

"ನಾ ಇಳಕಲ್ ನೀಲವ್ವ ಮಾತಾಡೂದ್ರಿ. ಆ ಪಟಾ ನಂದು. ಅದನ್ನ ಇಳಸ್ರಿ."

ಅಯ್ಯ ಶಿವನ! ಇದ್ದಾಕಿ ಸಿಕ್ಳು ಅನ್ನೂ ಖುಷಿಗೆ ನಾ ಕುರ್ಚಿಯಿಂದ ಎದ್ದ ನಿಂತೆ. ಆಮ್ಯಾಲ ಅಕಿ ಏನಂದ್ಲು ಅನ್ನೂದು ತಲಿಗೆ ಹೋತು.

ಮರುದಿನ ಮೇಡಂಗೆ ಹೇಳಿ ಬಸ್ ಹತ್ತಿದೆ. ಅಮೀನಗಡದಾಗ ಬಸ್ ನಿಂತಾಗ ಕರದಂಟು ಕಟ್ಟಿಸಿಕೊಂಡೆ, ಬರೇ ಕೈಲೇ ಸಿಟ್ಟಾದವರ ಮನಿಗೆ ಹೋಗಬಾರದು. ಇಳಕಲ್ಲಿನ ಓಣ್ಯಾಗ ಪವರ್‌ಲೂಮ್ ಸಪ್ಪಳ ದಾಟಿ ಒಳಗ ಹೋದ್ರ ಕೈಮಗ್ಗದ ಹಳೇ ಮನಿ. ನೀಲವ್ವ ಬಾಗಲದಾಗ ನಿಂತಿದ್ಲು, ಎಪ್ಪತ್ತು ದಾಟಿದಾಕಿ, ತಲಿ ಮ್ಯಾಲ ಸೆರಗು. ಒಳಗ ಹಾಸಗಿ ಮ್ಯಾಲ ಅಕಿ ಅತ್ತಿ ಗೌರವ್ವ ಕುಂತಿದ್ಲು. ಓಣಿ ಮಂದಿಯೆಲ್ಲಾ ಅಕಿನ್ನ ಆಯಿ ಅಂತಾರ. ತೊಂಬತ್ತು ಯಾವಾಗೋ ದಾಟ್ಯಾಳ, ಕಿವಿ ಚುರುಕು, ಬಾಯಿ ಅದಕ್ಕಿಂತಾ ಚುರುಕು.

"ಬಾರವಾ, ಬಾ. ನನ್ನ ಮಾರಿ ನುಂಗಿದ ಆಫೀಸಿನಾಕಿ ನೀನ ಏನು?" ಅಂದ್ಲು ಆಯಿ.

ಸಂಗತಿ ಅಲ್ಲಿ ತಿಳೀತು. ಆ ಚಿತ್ರದಾಗ ರಾಟಿ ಮುಂದ ಕುಂತಾಕಿ ಬ್ಯಾರೆ ಯಾರೂ ಅಲ್ಲ, ಈ ಆಯಿನ. ನೀಲವ್ವ ಮದಿವಿಗಿಂತಾ ಮೊದಲು ಒಂದೆರಡು ವರ್ಷ ಚಿತ್ರಕಲಾ ಸಾಲಿಗೆ ಹೋದಾಕಿ. ಗಂಡನ ಮನಿಗೆ ಬಂದ ಮ್ಯಾಲ ಮಗ್ಗದ ಕೆಲಸ ಮುಗಿಯೂದ ಇಲ್ಲ, ಬರಿಯೂದು ಯಾವಾಗ? ಆಗ ಈ ಆಯಿ ಒಂದಿನ ಅಕಿ ಪಾಲಿನ ನೂಲು ತನ್ನ ಕಡೆ ಎಳಕೊಂಡು, "ನೀ ಹೋಗಿ ನಿಂದು ಬರಿ, ನಾ ಸುತ್ತತೇನಿ" ಅಂದ್ಲಂತ. ದಿನಾ ಮಧ್ಯಾಹ್ನ ಹಂಗ. ಅದಕ್ಕ ನೀಲವ್ವ ಚಿತ್ರದ ನಡುವ ಅತ್ತಿನ್ನ ಕುಂದರಿಸಿದ್ಲು.

"ಮತ್ತ ಮಾರಿ ಯಾಕ ಬಿಟ್ರಿ?" ಅಂದೆ.

ನೀಲವ್ವ ನೆಲ ನೋಡಿದ್ಲು. "ಅತ್ತಿಯವರ ಮಾರಿ ದಿಟ್ಟಿಸಿ ನೋಡೂದ್ಹೆಂಗ್ರಿ ಅಕ್ಕಾರ? ನಮ್ಮ ಮನ್ಯಾಗ ಸೊಸ್ಯಾರು ಹಿರೇರ ಮುಂದ ತಲಿ ಎತ್ತೂ ಪದ್ಧತಿ ಇಲ್ಲ. ಕೈ ನೋಡಿದ್ದೆ, ಕೈ ಬರದೆ. ಬಳಿ ನೋಡಿದ್ದೆ, ಬಳಿ ಬರದೆ. ಮಾರಿ ಇವತ್ತ ನೋಡೇನು, ನಾಳೆ ನೋಡೇನು ಅನ್ನೂದರಾಗ ನಾ ಹೆರಿಗಿಗೆ ತವರಿಗೆ ಹೋದೆ. ನಮ್ಮ ಮನಿಯವರು ಪ್ರೀತಿಲೆ ಅದನ್ನ ಒಯ್ದು ಯಾವುದೋ ಸ್ಪರ್ಧಾಕ್ಕ ಕೊಟ್ರು. ಬಹುಮಾನ ಬಂತು, ನೀವು ತಗೊಂಡ್ರಿ. ನಾ ಮತ್ತ ಅದನ್ನ ನೋಡೇ ಇಲ್ಲ."

"ಈಗ ಬಸ್‌ಸ್ಟ್ಯಾಂಡಿನ್ಯಾಗ ನೋಡಿದ್ಲು" ಅಂದ್ಲು ಆಯಿ. "ಓಣಿ ಮಂದಿ ಬಂದು ಕೇಳ್ತಾರ, ಯಾಕ ಆಯಿ, ಸೊಸಿಗೆ ನಿನ್ನ ಮ್ಯಾಲ ಏನ್ ಸಿಟ್ಟಿತ್ತು, ನಿನ್ನ ಮಾರೀನ ಹಾರಿಸಿ ಬಿಟ್ಟಾಳಲ್ಲ ಅಂತ."

ನೀಲವ್ವನ ಕಣ್ಣಾಗ ನೀರು ಬಂತು. "ಇಷ್ಟ ಕೇಳ್ತೇನ್ರಿ. ಆ ಮಾರಿ ತುಂಬಾಕ ಬಿಡ್ರಿ. ಇವರು ಇರೂದರಾಗ, ಇವರು ನೋಡುವಂಗ. ಇಲ್ಲಂದ್ರ ಆ ಪಟಾ ಹಾಕಬ್ಯಾಡ್ರಿ, ನಿಮ್ಮ ಕಾಲ ಬೀಳ್ತೇನಿ."

"ಸಾಯಾಕ ನನಗೇನ ಅವಸರಿಲ್ಲ" ಅಂತ ಆಯಿ ಕರದಂಟಿನ ತುಣುಕು ಬಾಯಾಗ ಹಾಕ್ಕೊಂಡ್ಲು. ಹಲ್ಲಿಲ್ಲ, ಚೀಪಿಕೋತ ಕುಂತ್ಲು. "ಆದ್ರ ಮ್ಯಾಲಿನವನದು ನನಗ ಗೊತ್ತಿಲ್ಲ ನೋಡು."

ಬಾಗಲಕೋಟಿಗೆ ಬಂದು ಮೇಡಂಗೆ ಎಲ್ಲಾ ಹೇಳಿದೆ. ಅವರು ಮೊದಲು ಹಣಿ ಬಡಕೊಂಡ್ರು, ಆಮ್ಯಾಲ ಕಣ್ಣೀರು ಬರೂತನಕ ನಕ್ರು. "ಅತ್ತೆಗೆ ಹೆದರಿ ಬಿಟ್ಟ ಮುಖದ ಮೇಲೆ ನಾನು ನಾಲ್ಕು ಪುಟ ಬರೆದಿದ್ದೇನಲ್ಲ ಕಸ್ತೂರಿ ಅವರೇ!" ಆದ್ರ ಬಣ್ಣ ಹಚ್ಚೂ ಮಾತಿಗೆ ಮಾರಿ ಗಟ್ಟಿ ಆತು. "ಸಂಗ್ರಹಕ್ಕೆ ಬಂದ ಚಿತ್ರಕ್ಕೆ ಯಾರೂ ಕುಂಚ ಮುಟ್ಟಿಸುವಂತಿಲ್ಲ. ಬರೆದವರೂ ಸಹ. ಒಬ್ಬರಿಗೆ ಬಿಟ್ಟರೆ ನಾಳೆ ಎಲ್ಲರೂ ತಿದ್ದಲು ಬರುತ್ತಾರೆ."

ಅವರು ಹೇಳಿದ್ದು ಸುಳ್ಳಲ್ಲ. ಒಬ್ಬ ಹಿರೇ ಕಲಾವಿದರು ತಮ್ಮ ಹಳೇ ಚಿತ್ರದಾಗ ಕುದರಿ ಕಾಲು ಸಣ್ಣಾಗ್ಯಾವ ಅಂತ ವರ್ಷಕ್ಕೊಮ್ಮೆ ಬಂದು ಗಂಟು ಬೀಳತಿದ್ರು. ಆದ್ರ ನನಗ ಆ ಹೊತ್ತಿನ್ಯಾಗ ರೂಲ್ಸ್ ಬ್ಯಾಡಾಗಿತ್ತು. ಸಿಟ್ಟು ನೆತ್ತಿಗೇರಿತ್ತು. "ಮೇಡಂ, ಮುಖವಿಲ್ಲದವಳು ಅಂತ ನೀವು ಹೆಸರಿಟ್ಟಾಕಿ ಇಳಕಲ್ಲಿನ್ಯಾಗ ಕರದಂಟು ತಿನ್ನಾಕ ಹತ್ಯಾಳ್ರಿ! ಮಾರಿ ಇದ್ದಾಕಿಗೆ ಮಾರಿ ಇಲ್ಲ ಅನ್ನೂದಾದ್ರ ಈ ಪ್ರದರ್ಶನ ಯಾರ ಸಲುವಾಗಿ?" ಅಂದೆ. ನಾ ಎದ್ದು ನನ್ನ ಕೋಣಿಗೆ ಹೋದೆ.

ಅಲ್ಲಿ ಮೇಜಿನ ಮ್ಯಾಲ ನನ್ನ ಸಾಮಾನು ನೋಡಿಕೋತ ಕುಂತಾಗ ಹೊಳೀತು. ನಾ ಸೇರಿದಾಗ ಬಣ್ಣ ಉದುರಿದಲ್ಲಿ ನೇರ ಹೊಸಾ ಬಣ್ಣ ಹಚ್ಚಿಬಿಡಾವ್ರು. ಈಗ ಪದ್ಧತಿ ಬ್ಯಾರೆ. ಮೊದಲು ತೆಳ್ಳಗ ವಾರ್ನಿಶ್ ಹಚ್ತೇವಿ. ಅದು ಒಣಗಿದ ಮ್ಯಾಲ, ಒರಸಿದ್ರ ಹೋಗುವಂಥಾ ಬಣ್ಣದಾಗ ತುಂಬ್ತೇವಿ. ಹಳೇ ಬಣ್ಣಕ್ಕ ಹೊಸಾದು ಮುಟ್ಟೂದ ಇಲ್ಲ. ಯಾವಾಗ ಬ್ಯಾಡ ಅನಸತೈತೋ ಆಗ ಹತ್ತಿ, ದ್ರಾವಣ ತಗೊಂಡು ತೆಗದ್ರಾತು, ಕೆಳಗಿನ ಚಿತ್ರ ಇದ್ದಂಗ ಇರತೈತಿ. ಓಡಿ ಹೋಗಿ ಮೇಡಂಗೆ ಹೇಳಿದೆ.

"ಸರಿ. ಆದರೆ ಪ್ರದರ್ಶನ ಮುಗಿದ ಮೇಲೆ ತೆಗೆಯಬೇಕು. ಇದನ್ನು ಅವರಿಗೆ ಮೊದಲೇ ಹೇಳಿ" ಅಂದ್ರು.

ಫೋನಿನ್ಯಾಗ ನೀಲವ್ವಗ ಇದನ್ನ ಹೇಳಿದೆ. ಅಕಿ, "ಆಗ್ಲಿ ಬಿಡ್ರಿ. ಅತ್ತಿಯವರು ಒಮ್ಮೆ ನೋಡಿದ್ರ ಸಾಕು" ಅಂದ್ಲು.

ಅತ್ತಿ ಸೊಸಿ ಬಾಡಗಿ ಕಾರಿನ್ಯಾಗ ಬಂದ್ರು. ಆಯಿ ಹೊಸಾ ಸೀರಿ ಉಟ್ಟು, ಕಿವ್ಯಾಗ ಬುಗುಡಿ ಇಟ್ಟು, ಲಗ್ನಕ್ಕ ಬಂದಾಕಿ ಬಂದಂಗ ಬಂದ್ಲು. ಕೆಂಪ ಗ್ವಾಡಿ ಮುಂದ ಕುರ್ಚಿ ಹಾಕಿ ಕುಂದರಿಸಿದ್ವಿ. ನೀಲವ್ವ ತನ್ನ ಚಿತ್ರದ ಹತ್ರ ಹೋಗಿ, ಎಷ್ಟೋ ವರ್ಷದ ಮ್ಯಾಲ ಕಂಡ ಮಗಳ ಮೈ ಸವರಿದಂಗ ಚೌಕಟ್ಟು ಸವರಿದ್ಲು. ಬಣ್ಣ ಕಲಸಿಕೊಂಡ್ಲು. ಕುಂಚ ಎತ್ತಿದ್ಲು. ಅಷ್ಟ. ಅತ್ತಿ ಕಡೆ ತಿರುಗಿದ್ರ ಕಣ್ಣು ಅತ್ತಿ ಪಾದದ ಮ್ಯಾಲಿಂದ ಮ್ಯಾಲ ಏರವಲ್ವು. ಸೆರಗ ಹಣಿತನ ಜಗ್ಗಿಕೊಂಡು ಹಂಗ ನಿಂತ್ಲು.

"ಯಾಕಲೇ, ಏನ್ ನನಗ ಕೊಂಬು ಬಂದಾವೇನು?" ಅಂದ್ಲು ಆಯಿ.

"ಆಗವಲ್ದ್ರಿ ಅತ್ತಿ" ಅಂದ್ಲು ನೀಲವ್ವ, ಸಣ್ಣ ಹುಡುಗಿ ಅಂದಂಗ.

"ಇಲ್ಲಿ ಬಾ."

ಹತ್ರ ಹೋಗಿ ಬಗ್ಗಿದ್ಲು. ಆಯಿ ಕೈ ಎತ್ತಿ, ಸೊಸಿ ತಲಿ ಮ್ಯಾಲಿನ ಸೆರಗ ತಾನ ಹಿಂದಕ್ಕ ಸರಿಸಿದ್ಲು. ಬೆಳ್ಳನ ಕೂದಲ ಕಂಡ್ವು. ಗಲ್ಲ ಹಿಡದು ಮಾರಿ ಮ್ಯಾಲ ಎತ್ತಿದ್ಲು. "ನೋಡು. ಇಷ್ಟು ವರ್ಷ ಒಂದ ಒಲಿ ಮುಂದ ಕುಂತೇವಿ. ಈಗರ ನೋಡು ನನ್ನ" ಅಂದ್ಲು.

ಹನಮಂತಪ್ಪ ಏಣಿ ಹಿಡಕೊಂಡು ನಿಂತಾವ ಗ್ವಾಡಿ ಕಡೆ ಮಾರಿ ತಿರುವಿದ. ನಾ ಸೆರಗಿಲೆ ಕಣ್ಣ ಒರಸಿಕೊಂಡೆ. ಮೇಡಂ ಮೈಸೂರಿನವರು, ಅವರು ಬಿಕ್ಕಿ ಬಿಕ್ಕಿ ಅಳಾಕ ಹತ್ತಿದ್ರು.

ಆಮ್ಯಾಲ ನೀಲವ್ವನ ಕೈ ನಡದದ್ದು ನೋಡಬೇಕಿತ್ರಿ! ಸಂಜಿತನ ಬರದ್ಲು. ಆಯಿಗೆ ನಡುವ ಚಹಾ, ನಡುವ ಜೊಂಪು, ಎಚ್ಚರಾದಾಗ "ಮೂಗಿಗೆ ಬಂದೀ ಏನ? ನತ್ತು ಮರೀಬ್ಯಾಡ" ಅಂತ ತಾಕೀತು. ಮೇಡಂ ಒಮ್ಮೆ ಮೆಲ್ಲಕ, "ಚಿತ್ರದಲ್ಲಿರುವ ಮೈ ಐವತ್ತರದು. ಮುಖವೂ ಆ ವಯಸ್ಸಿನದ್ದೇ ಬೇಕಲ್ಲವೇ?" ಅಂದ್ರು. ನೀಲವ್ವ ಕುಂಚ ನಿಲ್ಲಿಸಲಿಲ್ಲ. "ಆಗಿನ ಮಾರಿ ನಾ ನೋಡಿಲ್ರಿ. ನೋಡಿದ್ದು ಇವತ್ತ. ನೋಡಿದ್ದ ಬರೀತೇನಿ." ಹಂಗಾಗಿ ಆ ಚಿತ್ರದಾಗ ತೋರ ಕೈ, ಗಟ್ಟಿ ಹೆಗಲು, ಅದರ ಮ್ಯಾಲ ಸುಕ್ಕು ಬಿದ್ದ, ಬೊಚ್ಚಬಾಯಿ ನಗಿಯ ಮಾರಿ. ಯಾವ ಸಾಲ್ಯಾಗೂ ಇದನ್ನ ಕಲಸೂದಿಲ್ಲ. ನನಗ ಮಾತ್ರ ಅದಕ್ಕಿಂತಾ ಚಲೋ ಚಿತ್ರ ಇನ್ನೊಂದು ಕಂಡಿಲ್ಲ.

ಉದ್ಘಾಟನಿ ದಿನ ಇಳಕಲ್ಲಿನ ಆ ಓಣಿನ ಬಂದಿತ್ತು. "ಮುಖವಿಲ್ಲದವಳು" ಅನ್ನೂ ಫಲಕ ಮೇಡಂ ತಾವ ಕಿತ್ತು, "ನೂಲು ಸುತ್ತುವ ಗೌರವ್ವ. ಚಿತ್ರ: ನೀಲವ್ವ, ಅವರ ಸೊಸೆ" ಅಂತ ಬರಿಸಿದ್ರು. ಆಯಿ ಗಾಲಿಕುರ್ಚಿಯಾಗ ಚಿತ್ರದ ಬಾಜೂಕ ಕುಂತು, ಬಂದವರಿಗೆಲ್ಲಾ, "ಅಕಿ ನಾನ. ಮೂಗು ಒಂಚೂರು ದಪ್ಪ ಬರದಾಳ, ಇರಲಿ" ಅಂತ ಹೇಳಿದ್ದ ಹೇಳಿದ್ದು.

ಪ್ರದರ್ಶನ ಮುಗೀತು. ಚಿತ್ರ ಒಂದೊಂದ ಇಳಸಿದ್ವಿ. ಮಾರಿ ತೆಗಿಯೂ ದಿನ ನೀಲವ್ವ, ಆಯಿ ಇಬ್ರನ್ನೂ ನಾನ ಕರಸಿದ್ದೆ. ಅವರಿಗೆ ಹೇಳದ ಮಾಡೂ ಕೆಲಸ ಅದಲ್ಲ. ಮೇಜಿನ ಮ್ಯಾಲ ಚಿತ್ರ ಮಲಗಿಸಿ, ಕಡ್ಡಿಗೆ ಹತ್ತಿ ಸುತ್ತಿ, ಬಾಟಲಿ ಬಿರಡಿ ತಗದೆ. ಕೈ ಮುಂದ ಹೋಗವಲ್ದು. ನೌಕರ್ಯಾಗ ಎಷ್ಟೋ ಚಿತ್ರ ತೊಳದೇನಿ, ಹಿಂಗ ಎಂದೂ ಆಗಿದ್ದಿಲ್ಲ.

"ಒರಸವಾ, ಯಾಕ ನಿಂತಿ?" ಅಂದ್ಲು ಆಯಿ. ದನಿಯಾಗ ದುಃಖಿಲ್ಲ, ಒಂಥರಾ ಹುರುಪು. "ನೀ ಒರಸಿದ್ರ ಈಕಿ ಮತ್ತ ಬರೀಬೇಕು. ಮತ್ತ ಬರೀಬೇಕಾದ್ರ ಮತ್ತ ನನ್ನ ನೋಡಬೇಕಲ್ಲ."

ಮೇಡಂ ಬಂದು ನನ್ನ ಕೈಯಾಗಿನ ಬಾಟಲಿ ತಗೊಂಡು ಬಿರಡಿ ಹಾಕಿದ್ರು. "ತೆಗೆಯಲು ಬರುತ್ತದೆ ಅಂದರೆ ಸಾಕು ಕಸ್ತೂರಿ ಅವರೇ. ಇವತ್ತೇ ತೆಗೆಯಬೇಕೆಂದಿಲ್ಲ. ನಾನಿರುವವರೆಗೆ ಇದು ಹೀಗೇ ಇರುತ್ತದೆ" ಅಂದ್ರು.

ನಾ ಖುಷಿಲೆ ಹೋ ಅಂದೆ. ಆಯಿ ಮಾರಿ ಮಾತ್ರ ಸಣ್ಣಾತು. "ಹಂಗಾದ್ರ ನಾ ಮತ್ತ ಕುಂದರೂದು ಇಲ್ಲೇನು?" ಅಂದ್ಲು.

ನೀಲವ್ವ ನನ್ನ ಕಡೆ ಕೈ ಚಾಚಿದ್ಲು. "ಅಕ್ಕಾರ, ಒಂದು ಪೆನ್ಸಿಲ್, ಒಂದು ಹಾಳಿ ಕೊಡ್ರಿ." ಕೊಟ್ಟೆ. ಅಕಿ ನೆಲದ ಮ್ಯಾಲ ಕುಂತು, ಹಾಳಿ ತೊಡಿ ಮ್ಯಾಲ ಇಟಗೊಂಡು, ಅತ್ತಿ ಕಣ್ಣಾಗ ಕಣ್ಣಿಟ್ಟು ಅಂದ್ಲು:

"ಅತ್ತಿ, ಹಂಗಲ್ಲ. ಮಾರಿ ಒಂಚೂರು ಬೆಳಕಿಗೆ ಮಾಡ್ರಿ."